ಆರು ಗಂಟೆಯ ಬೆಲ್ಲ

3-6-2025, ಮಂಗಳವಾರ. ಬೆಳಿಗ್ಗೆ 10

ಪಾಕ ಒಂದೆಳೆಗೆ ಬಂತು. ಬೂಂದಿ ಸುರಿದು ಮುಚ್ಚಿಟ್ಟಿದ್ದೇನೆ. ಇಪ್ಪತ್ತೈದು ಉಂಡೆ ಆಗಬೇಕು. ತಣಿಯುವವರೆಗೆ ಈ ಪುಸ್ತಕ.

ಇಂದಿಗೆ ನೂರಾ ಮೂವತ್ಮೂರು ದಿನ — ಕುಡಿಯದೆ.

ದಿನಾ ನಾಲ್ಕು ಸಾಲು ಬರೆಯಿರಿ ಅಂತ ಕುಡಿತ ಬಿಡಿಸುವ ಶಿಬಿರದಲ್ಲಿ ಹೇಳಿದ್ದರು. ಓದಿದ್ದು ನಾಲ್ಕನೇ ಕ್ಲಾಸು. ಮದುವೆ ಮನೆಯವರಿಗೆ ಅಡುಗೆ ಸಾಮಾನಿನ ಚೀಟಿ ಬರೆದು, ಭಾನುವಳ್ಳಿಯ ಅಕ್ಕನಿಗೆ ಕಾಗದ ಬರೆದು ಕೈ ಪಳಗಿದ್ದು. ಅಕ್ಕನಿಗೆ ಓದು ಬಾರದು, ಮೊಮ್ಮಗಳು ಪೂಜಾ ಓದಿ ಹೇಳುತ್ತಾಳೆ. ಎಂಬತ್ತರ ಹತ್ತಿರದ ಜೀವ... ಹಾಗಾಗಿ ಕಾಗದದಲ್ಲಿ ಒಳ್ಳೆಯದೇ ಇರುತ್ತದೆ. ಉಳಿದದ್ದು ಇಲ್ಲಿ.

ಅದೇ ದಿನ, ಸಂಜೆ. ಹರಿಹರದಿಂದ ದಾವಣಗೆರೆಗೆ ಬರುವ ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿವೆ. ಇರಲಿ.

ಸಭೆ ಚೆನ್ನಾಗಿ ಆಯಿತು. ಕುಡಿತ ಬಿಟ್ಟವರು ಹದಿನಾಲ್ಕು ಜನ, ಹರಿಹರದ ಸಮುದಾಯ ಭವನದ ಹಿಂದಿನ ಕೋಣೆ, ಪ್ರತಿ ಮಂಗಳವಾರ ಐದೂವರೆಯಿಂದ ಏಳು. ಕೈ ನಡುಗುವ ಹೊತ್ತು ಅದೇ ಅಂತ ಶಿವಮೂರ್ತಿ ಮೇಷ್ಟ್ರು ಬೇಕಂತಲೇ ಆ ಹೊತ್ತು ಆರಿಸಿದ್ದು. ಅವರೂ ಬಿಟ್ಟವರೇ, ಒಂಬತ್ತು ವರ್ಷ ಆಯಿತು.

ಇವತ್ತು ಆಟೋ ರಮೇಶನಿಗೆ ಒಂದು ತಿಂಗಳು ತುಂಬಿತು. ಎದ್ದು ನಿಂತ. ಅವನ ಹೆಂಡತಿ ಸೆರಗು ಬಾಯಿಗೆ ಇಟ್ಟುಕೊಂಡು ಅತ್ತಳು. ನಾನು ಲಾಡು ಮುರಿದು ಅವನ ಬಾಯಿಗಿಟ್ಟೆ. ಎಲ್ಲರೂ ಚಪ್ಪಾಳೆ. ಆಮೇಲೆ ಎಲ್ಲರ ಬಾಯಿಗೂ ನಾನೇ.

ಈ ರೂಢಿ ಹಾಕಿದ್ದು ನಾನು. ಜನವರಿಯಲ್ಲಿ, ಶಿಬಿರದ ಮೂರನೇ ದಿನ, ಪಕ್ಕದ ಮಂಚದ ಕರಿಯಣ್ಣ ಹಲ್ಲು ಕಟಕಟ ಕಡಿಯುತ್ತಿದ್ದ. ಕೊಕ್ಕನೂರಿನವನು, ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಆಳು. ನನ್ನ ಚೀಲದಲ್ಲಿ ಒಂದು ಹೆಂಟೆ ಬೆಲ್ಲ ಇತ್ತು. ಒಂದು ಚೂರು ಅವನ ದವಡೆಗೆ ಇಟ್ಟೆ, ಒಂದು ಚೂರು ನಾನು ಇಟ್ಟುಕೊಂಡೆ. ನಡುಕ ನಿಂತಿತೋ, ನಿಂತ ಹಾಗೆ ಅನ್ನಿಸಿತೋ. ಅವತ್ತಿನಿಂದ ಸಂಜೆ ಆರಕ್ಕೆ ಬೆಲ್ಲ. ಈಗ ಹದಿನಾಲ್ಕೂ ಜನರ ಜೇಬಿನಲ್ಲಿ ಬೆಲ್ಲದ ಪೊಟ್ಟಣ ಇರುತ್ತದೆ. ಹೊಸಬರು ಬಂದರೆ ಮೇಷ್ಟ್ರು, "ರುದ್ರಮುನಿಯೋರ ಔಷಧ ಕೊಡ್ರಿ" ಅನ್ನುತ್ತಾರೆ.

ಐದು ವರ್ಷ ನನ್ನನ್ನು ಯಾರೂ ಪಂಕ್ತಿಯಲ್ಲಿ ಪಕ್ಕ ಕೂರಿಸಿಕೊಂಡಿರಲಿಲ್ಲ. ಅಡುಗೆ ಬೇಕು, ಅಡುಗೆಯವನು ಬೇಡ. ಈಗ ಕಂಡವರೆಲ್ಲ "ಬಿಟ್ಟೀರಂತೆ! ಬಾಯಿ ಸಿಹಿ ಮಾಡ್ಕಳ್ರಿ" ಅಂತ ಬಾಯಿಗೇ ಇಡುತ್ತಾರೆ.

6-6, ಶುಕ್ರವಾರ

ನಿನ್ನೆಯ ಮದುವೆ ಮುಗಿಯಿತು. ಎಂಟುನೂರು ಎಲೆ. ಜಹಾಂಗೀರು, ಗೋಧಿ ಹುಗ್ಗಿ. ಇನ್ನೇನು ಆಷಾಢ ಬರುತ್ತದೆ, ಕೆಲಸ ಕಡಿಮೆ.

ಪಾಕ ನೋಡುವುದು ಬೆರಳಿನಲ್ಲಿ. ಎರಡು ಬೆರಳ ನಡುವೆ ಹಿಡಿದು ಬಿಡಿಸಿದರೆ ಎಳೆ ಬರಬೇಕು. ನೋಡಿದ ಮೇಲೆ ಹೆಗಲ ವಸ್ತ್ರಕ್ಕೆ ಒರೆಸಿಕೊಳ್ಳಬೇಕು. ನಲವತ್ತು ವರ್ಷ ಒರೆಸಿಕೊಂಡೇ ಬಂದವನು. ಈಗ ಬೆರಳು ತಾನೇ ಬಾಯಿಗೆ ಹೋಗುತ್ತದೆ. ನಿನ್ನೆ ಎಷ್ಟು ಸಲ ಹೋಯಿತೋ. ಬಾಯಿ ಒಣಗಿ ಚಕ್ಕೆಯಾಗಿತ್ತು. ಬಿಂದಿಗೆ ನೀರು ಕುಡಿದೆ. ಎಡಗಾಲ ಅಂಗಾಲು ಜೋಮು ಹಿಡಿದ ಹಾಗಿದೆ — ದಿನವೆಲ್ಲ ಒಲೆ ಮುಂದೆ ನಿಂತದ್ದಕ್ಕೇ ಇರಬೇಕು.

9-6, ಸೋಮವಾರ

ಬೆಳಿಗ್ಗೆ ನಿರ್ಮಲ ಬಚ್ಚಲಿನಿಂದ ಕೂಗಿದಳು.

"ಏನ್ರೀ, ಇಲ್ಲಿ ಬರ್ರಿ. ಮೋರಿ ನೋಡ್ರಿ."

ಮೋರಿಯ ಸುತ್ತ ಇರುವೆ. ಸಾಲು ಗೋಡೆ ಹತ್ತಿ ಹೋಗಿದೆ.

"ಸಕ್ರಿ ಡಬ್ಬಿಗೆ ಹತ್ತಿದ್ರೆ ಸರಿ. ಮೋರಿಗೆ ಯಾಕ ಹತ್ತ್ಯಾವೆ?"

"ಏನೋ ಚೆಲ್ಲಿರಬೇಕು."

"ಚೆಲ್ಲಿದೋರು ನೀವು. ನಮ್ಮಪ್ಪಂಗೂ ಹಿಂಗೇ ಇರಿವಿ ಹತ್ತಿದ್ವು. ಬಾಯಿ ಮುಚ್ಕಂಡು ಅಂಗಿ ಹಾಕ್ಕಳ್ರಿ, ರಕ್ತ ಕೊಟ್ಟು ಬರಾಣ."

ಮೂವತ್ತಾರು ವರ್ಷದಲ್ಲಿ ಈ ಹೆಂಗಸು ನನ್ನ ಮೇಲೆ ಕೈ ಮಾಡಿಲ್ಲ, ಬಿಟ್ಟು ಹೋಗಿಲ್ಲ. ಇರುವೆ ತೋರಿಸಿ ಕರೆದುಕೊಂಡು ಹೋದಳು. ಬರಿಹೊಟ್ಟೆಯದು ನಾಳೆ ಕೊಡಬೇಕಂತೆ.

12-6, ಗುರುವಾರ

ರಕ್ತದ ಸಕ್ಕರೆ ಬರಿಹೊಟ್ಟೆ 214. ಊಟ ಆದ ಮೇಲೆ 338.

ಡಾಕ್ಟರು ಎರಡು ಥರದ ಮಾತ್ರೆ ಬರೆದರು. ಪಥ್ಯ ಕೇಳಿಕೊಳ್ಳಿ ಅಂತ ಒಳಗಿನ ಕೋಣೆಗೆ ಕಳಿಸಿದರು. ಸುಧಾ ಅಂತ ಮೇಡಂ, ನನ್ನ ತಂಗಿಯ ಮಗಳ ವಯಸ್ಸು. ಏನು ತಿಂತೀರಿ ಅಂದರು. ಹೇಳುತ್ತಾ ಹೋದೆ. ಅವರು ಬರೆಯುತ್ತಾ ಬರೆಯುತ್ತಾ ಪೆನ್ನು ನಿಲ್ಲಿಸಿದರು.

"ಯಜಮಾನ್ರೆ, ಇದು ದಿನಕ್ಕಾ, ವಾರಕ್ಕಾ?"

"ದಿನಕ್ಕೆ."

ಕುಡಿತ ಬಿಟ್ಟದ್ದು ಹೇಳಿದೆ. ಬೈಯಲಿಲ್ಲ. ಬಿಟ್ಟವರಿಗೆ ಸಿಹಿಯ ಆಸೆ ಹತ್ತುವುದು ಎಲ್ಲ ಕಡೆ ಇರುವುದೇ ಅಂದರು. ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ, ಹೊಟ್ಟೆ ಖಾಲಿ ಬಿಟ್ಟರೆ, ನಿದ್ದೆ ಕೆಟ್ಟರೆ ಇನ್ನೂ ಜಾಸ್ತಿ.

"ಸಕ್ರಿ ಅಲ್ಲ ಮೇಡಂ, ಬೆಲ್ಲನೇ ಜಾಸ್ತಿ" ಅಂದೆ.

"ಎಲ್ರೂ ಹಂಗೇ ಅಂತಾರೆ. ನಿಮ್ಮ ರಕ್ತಕ್ಕೆ ಅದು ಗೊತ್ತಾಗಲ್ಲ. ಬೆಲ್ಲ ತಿನ್ನು ಅಂತ ಹೇಳಿದ್ದು ಯಾರು?"

"ಯಾರೋ... ಹೇಳಿದ್ರು."

"ನಿಮ್ಮ ಗುಂಪಿನಲ್ಲಿ ಬೇರೆಯವರೂ ಹೀಗೇ ತಿಂತಿದ್ರೆ ಎಲ್ರಿಗೂ ಒಂದ್ಸಲ ಟೆಸ್ಟ್ ಮಾಡಿಸ್ಕೊಳ್ಳೋಕೆ ಹೇಳಿ. ಮರೀಬೇಡಿ."

ಹೂಂ ಅಂದೆ.

14-6, ಶನಿವಾರ

ತಿಂದದ್ದು ಬರೆದು ತರಲು ಸುಧಾ ಮೇಡಂ ಒಂದು ಸಣ್ಣ ಪುಸ್ತಕ ಕೊಟ್ಟಿದ್ದಾರೆ. ಅದರಲ್ಲಿ ಇವತ್ತಿನದು: ಜೋಳದ ರೊಟ್ಟಿ ಎರಡು, ಹೆಸರುಕಾಳು ಪಲ್ಯ, ಮಜ್ಜಿಗೆ, ಸೌತೆಕಾಯಿ. ಎಲ್ಲ ನಿಜ. ಆದರೆ ಹನ್ನೊಂದು ಗಂಟೆಗೆ ಅಂಗಡಿಯಲ್ಲಿ ತಿಂದ ಎರಡು ಬಾದೂಷ ಅದರಲ್ಲಿ ಇಲ್ಲ.

ಅಕ್ಕನಿಗೆ ಕಾಗದ ಬರೆದೆ. 'ನಿನ್ನ ತಮ್ಮ ಈಗ ಮನುಷ್ಯನಾಗಿದ್ದಾನೆ, ಮೈ ಹಗುರ, ಊಟ ರುಚಿ, ಯೋಚನೆ ಮಾಡಬೇಡ.' ಬರೆದು ಓದಿದರೆ ಚೆನ್ನಾಗಿಯೇ ಇತ್ತು.

17-6, ಮಂಗಳವಾರ. ಸಂಜೆ

ಇವತ್ತು ಹೇಳಬೇಕಂತಲೇ ಹೋದದ್ದು. ಲಾಡು ಒಯ್ಯಬಾರದು ಅಂದುಕೊಂಡಿದ್ದೆ. ಬರಿಗೈಯಲ್ಲಿ ಬಾಗಿಲಿಗೆ ನಿಂತರೆ ಅಷ್ಟೂ ಮುಖ ನನ್ನ ಕೈ ನೋಡುವುದು ಕಣ್ಣಿಗೆ ಬಂತು. ಕಟ್ಟಿದೆ. ಒಯ್ದೆ.

ಕರಿಯಣ್ಣ ಕುಂಟುತ್ತಿದ್ದ. ಗಿರಣಿಯಲ್ಲಿ ಚಪ್ಪಲಿಯ ಮೊಳೆ ಚುಚ್ಚಿದೆ. ಎಡಗಾಲ ಕಿರುಬೆರಳ ಸಂದಿ, ಸಣ್ಣ ಗಾಯ. ಇಪ್ಪತ್ತು ದಿನ ಆಯಿತಂತೆ.

"ಅರಿಸಿಣ ಹಚ್ಚೀನಿ ಅಯ್ನೋರೆ. ನೋವೇ ಇಲ್ಲ, ಅದಕ್ಕೇ ಸುಮ್ನೆ ಬಿಟ್ಟೀನಿ. ಅಲ್ಲ, ಇನ್ನೊಂದು ಕೇಳ್ಬೇಕಿತ್ತು. ನಿಮಗೂ ಭಾಳ ನೀರಡಿಕೆ ಆಕ್ಕತೇನು? ನಂಗೆ ಕೊಡ ಕುಡಿದ್ರೂ ಸಾಲಂಗಿಲ್ಲ. ನಮ್ಮಾಕಿ ಏನೋ ಆಗೈತೆ ಅಂತಾಳೆ."

ಪಕ್ಕದಲ್ಲಿ ರಮೇಶ ಇದ್ದ. ಮೇಷ್ಟ್ರು ಇದ್ದರು. ಕೈಯಲ್ಲಿ ಲಾಡಿನ ಡಬ್ಬಿ ತೆರೆದಿತ್ತು.

"ಶೆಖೆ ಕಣೋ ಕರಿಯಣ್ಣ. ಮಳೆ ಹಿಡಿದ್ರೆ ಸರಿಹೋಗ್ತೈತೆ" ಅಂದೆ.

"ಹೌದಾ? ಹಂಗಾರೆ ನಮ್ಮಾಕಿಗೆ ಹೇಳ್ತೀನಿ, ಅಯ್ನೋರೇ ಹೇಳಿದ್ರು ಅಂತ" ಅಂದ. ಬಾಯಿ ತೆರೆದ. ಇಟ್ಟೆ.

21-6, ಶನಿವಾರ

ನಾಲ್ಕು ದಿನದಿಂದ ಒಂದು ಹರಳು ಸಕ್ಕರೆ ಇಲ್ಲ. ಮಂಗಳವಾರ ಸಭೆಯಿಂದ ಬಂದ ಮೇಲೆ ನನಗೆ ನಾನೇ ಹೇಳಿಕೊಂಡದ್ದು: ಮೊದಲು ನಾನು ಬಿಡುತ್ತೇನೆ, ಬಿಟ್ಟು ತೋರಿಸಿ ಆಮೇಲೆ ಅವರಿಗೆ ಹೇಳುತ್ತೇನೆ.

ನಾಲ್ಕನೇ ದಿನಕ್ಕೆ ಹಳೆಯದು ಎದ್ದು ಬಂತು. ಐದು ತಿಂಗಳಿಂದ ಸತ್ತೇ ಹೋಯಿತು ಅಂದುಕೊಂಡಿದ್ದೆ. ಸಂಜೆ ಆರಕ್ಕೆ ಗಂಟಲಿನ ಕೆಳಗೆ, ಎದೆಯ ಗೂಡಿನಲ್ಲಿ, ಯಾರೋ ಬಟ್ಟೆ ಹಿಂಡಿದ ಹಾಗೆ. ತರಕಾರಿ ತರುತ್ತೇನೆಂದು ಹೊರಟವನು ಬಸ್‌ಸ್ಟ್ಯಾಂಡ್ ಹತ್ತಿರದ ವೈನ್ ಶಾಪಿನ ಎದುರು ನಿಂತಿದ್ದೇನೆ. ಕಾಲು ಹೇಗೆ ಬಂದವೋ. ಒಳಗಿನ ಟ್ಯೂಬ್‌ಲೈಟು, ಜಾಲರಿ, ಜಾಲರಿಯ ಸಂದಿಯಲ್ಲಿ ಕೈ ತೂರಿಸುವವರು. ಆ ವಾಸನೆ.

ತಿರುಗಿ ಓಡುವ ಹಾಗೆ ನಡೆದೆ. ಮೂಲೆಯಲ್ಲಿ ಬಿಸಿ ಜಿಲೇಬಿ. ಕಾಲು ಕಿಲೋ. ನಿಂತೇ ತಿಂದೆ, ಪಾಕ ಮೊಣಕೈಗೆ ಇಳಿಯಿತು. ಕುಡಿಯಲಿಲ್ಲ. ಕುಡಿಯಲಿಲ್ಲ ಅಂತ ಅಳು ಬಂತು.

ಇದನ್ನು ಯಾವ ಪುಸ್ತಕದಲ್ಲಿ ಬರೆಯಲಿ ಮೇಡಂ?

23-6, ಸೋಮವಾರ

ನಿರ್ಮಲ ಅಟ್ಟ ಗುಡಿಸಿದಳು. ದೊಡ್ಡ ಸೌಟು, ಬೂಂದಿ ಜಾರೆ ಕಟ್ಟಿಟ್ಟ ಗೋಣಿಚೀಲದ ಒಳಗೆ ಬೆಲ್ಲ ಸಿಕ್ಕಿತು. ತಂದು ನನ್ನ ಮುಂದೆ ಇಟ್ಟಳು. ಕೂಗಾಡುತ್ತಾಳೆ ಅಂದುಕೊಂಡೆ.

"ಮೊದ್ಲು ಅಲ್ಲೇ ಬಾಟ್ಲಿ ಇಡ್ತಿದ್ರಿ."

ನಾನು ಬೆಲ್ಲದ ಮೇಲಿನ ಧೂಳು ಒರೆಸಿದೆ.

"ಆವಾಗ್ಲೂ ನಂಗೆ ಗೊತ್ತಿತ್ತು. ಈಗ್ಲೂ ಗೊತ್ತಿತ್ತು. ಇವತ್ತು ಯಾಕ ತೆಗೆದೆ ಅಂದ್ರೆ... ಕುಡಿಯೋ ಮನುಷ್ಯನ ಜೊತೆ ಬಾಳ್ವೆ ಮಾಡ್ದೆ. ಬಚ್ಚಿಡೋ ಮನುಷ್ಯನ ಜೊತೆ ಇನ್ನೊಂದ್ಸಲ ಆಗಂಗಿಲ್ಲ ನನ್ ಕೈಲಿ. ತಿನ್ನಂಗಿದ್ರೆ ನನ್ನ ಮುಂದೆ ಕುಂತ್ಕಂಡು ತಿನ್ರಿ."

ತಟ್ಟೆಗೆ ಹಾಕಿಕೊಟ್ಟಳು. ಎದುರು ಕೂತಳು. ತಿನ್ನಲು ಆಗಲಿಲ್ಲ.

24ರ ಸಭೆಗೆ ಹೋಗುವುದಿಲ್ಲ. ಜ್ವರ ಅಂತ ಮೇಷ್ಟ್ರಿಗೆ ಹೇಳಿದರೆ ಆಯಿತು.

7-7, ಸೋಮವಾರ

ಇಷ್ಟು ದಿನ ಪುಸ್ತಕ ಮುಟ್ಟಲಿಲ್ಲ.

ಎರಡು ವಾರದಲ್ಲಿ ಕಲಿತದ್ದು ಇಷ್ಟು. ಆಸೆ ಬರುವುದು ಆರಕ್ಕೆ, ಅದಕ್ಕೆ ಮುಂಚೆ ಐದೂವರೆಗೇ ಹೊಟ್ಟೆಗೆ ಹಾಕಬೇಕು. ಒಂದು ಹಿಡಿ ಹುರಿಗಡಲೆ ಪುಟಾಣಿ, ಒಂದು ಲೋಟ ಉಪ್ಪು ಇಂಗಿನ ಮಜ್ಜಿಗೆ. ಆರಕ್ಕೆ ಚಪ್ಪಲಿ ಮೆಟ್ಟಿ ಹೊರಡುವುದು. ದೇವರಾಜ ಅರಸು ಬಡಾವಣೆಯ ನಮ್ಮ ಬೀದಿಯಿಂದ ಪಾರ್ಕಿನವರೆಗೆ ಎರಡು ಸುತ್ತು, ನಿರ್ಮಲ ಜೊತೆಗೆ. ಆಸೆ ಇಪ್ಪತ್ತು ನಿಮಿಷ ಇರುತ್ತದೆ. ಗಡಿಯಾರ ಹಿಡಿದು ನೋಡಿದ್ದೇನೆ. ಇಪ್ಪತ್ತು, ಹೆಚ್ಚೆಂದರೆ ಇಪ್ಪತ್ತೈದು. ಆಮೇಲೆ ತಾನೇ ಸಡಿಲುತ್ತದೆ.

ದಿನಾ ಆಗುವುದಿಲ್ಲ. ಮೊನ್ನೆ ಸೋತೆ. ಸೋತದ್ದನ್ನು ಸಣ್ಣ ಪುಸ್ತಕದಲ್ಲೂ ಬರೆದೆ: 'ಮೈಸೂರು ಪಾಕು ಎರಡು. ನಿಂತುಕೊಂಡು.'

ಬರಿಹೊಟ್ಟೆ 168.

8-7, ಮಂಗಳವಾರ

ಸಭೆಗೆ ಹೋದೆ. ಲಾಡು ಇಲ್ಲ. ಮಾತ್ರೆ ನುಂಗುತ್ತಿದ್ದೇನೆ, ಕೈ ಬಳಲಿಕೆ, ಕಟ್ಟಲಾಗಲಿಲ್ಲ ಅಂದೆ. ಮಾತ್ರೆ ಯಾಕೆ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇನೋ.

ಕರಿಯಣ್ಣ ಬಂದಿಲ್ಲ. ಹೋದ ವಾರವೂ ಬಂದಿರಲಿಲ್ಲವಂತೆ. ಹೊರಗೆ ಬಂದು ಫೋನ್ ಮಾಡಿದೆ. ಅವನ ಹೆಂಡತಿ ತಿಮ್ಮವ್ವ ಎತ್ತಿದಳು.

"ಕಾಲು ಬಾತೈತ್ರಿ ಅಯ್ನೋರೆ. ಕಪ್ಪಗೆ ಆಗೈತೆ. ಜ್ವರ ಬ್ಯಾರೆ."

"ಡಾಕ್ಟ್ರಿಗೆ ತೋರ್ಸವ್ವ, ನಾಳೆನೇ."

"ನಾನೂ ಬಡ್ಕಂತೀನಿ. ಶೆಖೆಗೆ ಹಂಗಾಗೈತೆ, ಅಯ್ನೋರು ಹೇಳ್ಯಾರೆ ಅಂತ ಕುಂತೈತೆ ಮನುಷ್ಯ."

'ಸಕ್ಕರೆ ನೋಡಿಸು' — ಎರಡು ಮಾತು. ನಾಲಿಗೆಯ ತುದಿಯಲ್ಲಿತ್ತು. "ನಾಳೆನೇ ತೋರ್ಸವ್ವ" ಅಂತ ಇನ್ನೊಮ್ಮೆ ಹೇಳಿ ಇಟ್ಟೆ.

16-7, ಬುಧವಾರ

ಕರಿಯಣ್ಣ ಇಲ್ಲೇ ದಾವಣಗೆರೆಯ ಆಸ್ಪತ್ರೆಯಲ್ಲಿ. ಸೇರಿಸಿದ ದಿನ ಸಕ್ಕರೆ 460. ಎಡಗಾಲಿನ ಎರಡು ಬೆರಳು ತೆಗೆದಿದ್ದಾರೆ.

ಇಷ್ಟೇ. ಇವತ್ತು ಇನ್ನೇನೂ ಬರೆಯಲಾರೆ.

18-7, ಶುಕ್ರವಾರ

ನೋಡಲು ಹೋದೆ. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಕಾಲು ಬಿಳಿ ಗಂಟು. ನನ್ನ ಕಂಡು ನಕ್ಕ.

"ಬರ್ರಿ ಅಯ್ನೋರೆ, ಕೂಡ್ರಿ. ಹತ್ತರಾಗ ಎರಡು ಹೋದ್ವು, ಎಂಟು ಉಳದಾವೆ. ಮೂಟೆ ಹೊರಾಕೆ ಹೆಗ್ಲು ಬೇಕು, ಬೆಳ್ಳಲ್ಲ."

ತಿಮ್ಮವ್ವ ನಗಲಿಲ್ಲ. ಲೋಟ ತೊಳೆಯುತ್ತಾ ಗೋಡೆಗೆ ಹೇಳಿದ ಹಾಗೆ ಹೇಳಿದಳು.

"ಕುಡಿಯಾಗ ಕಾಲು ಗಟ್ಟಿ ಇದ್ವು."

"ಲೇ, ಸುಮ್ನಿರು."

"ಇದ್ವು. ಬಿದ್ರೂ ಎದ್ದು ಬರ್ತಿದ್ರು ಮನಿಗೆ."

ಕರಿಯಣ್ಣ ನನ್ನ ಕಡೆ ಬಾಗಿ ದನಿ ಇಳಿಸಿದ. "ಇಲ್ಲಿ ಬೆಲ್ಲ ಮುಟ್ಟಬ್ಯಾಡ ಅಂದಾರೆ. ಹಾಸಿಗಿ ಮ್ಯಾಲೆ ಸಂಜೆ ಆರಾದ್ರೆ ನಂಗೆ ಎದಿ ಹಿಂಡ್ತೈತೆ ಅಯ್ನೋರೆ. ಬೆಲ್ಲ ಇಲ್ಲ ಅಂದ್ರೆ ನಂಗೆ ಇನ್ನೊಂದೇ ಗೊತ್ತಿರೋದು. ಮನಿಗೆ ಹೋದ್ಮ್ಯಾಲೆ ಅದೇ ಗತಿ. ಹೆಂಗೂ ಬೆಳ್ಳು ಹೋದ್ವು. ಕುಡಿಯೋದೊಂದಾದ್ರೂ ಇರ್ಲಿ."

ಇವನು ಮತ್ತೆ ಕುಡಿದರೆ ಉಳಿಯುವುದಿಲ್ಲ. ಡಾಕ್ಟರು ಹಾಗೇ ಹೇಳಿದ್ದಾರೆ ಅಂತ ತಿಮ್ಮವ್ವ ಮೆಟ್ಟಿಲ ಹತ್ತಿರ ಹೇಳಿದಳು.

ನನ್ನ 338 ಅವನಿಗೆ ಗೊತ್ತಿಲ್ಲ. 'ಶೆಖೆ' ಅಂದವನ ಜೇಬಿನಲ್ಲಿ ಅವತ್ತು ಲ್ಯಾಬಿನ ಚೀಟಿ ಮಡಿಸಿಟ್ಟಿತ್ತು ಅಂತ ಗೊತ್ತಿಲ್ಲ. ನಾನು ಬಂದೆನೆಂದು ಪಕ್ಕದ ಮಂಚದವನಿಗೆ ಹೆಮ್ಮೆಯಿಂದ ತೋರಿಸಿದ. "ಇವ್ರೇ ನೋಡು ನಂಗೆ ಕುಡಿಯೋದು ಬಿಡಿಸಿದ ಅಯ್ನೋರು."

22-7, ಮಂಗಳವಾರ

ನಿನ್ನೆಗೆ ನನ್ನ ಆರು ತಿಂಗಳು. ಇವತ್ತು ಸಭೆಯಲ್ಲಿ ಹಾರ.

ಇವತ್ತು ಹೇಳಿಯೇ ತೀರುತ್ತೇನೆಂದು ಖಾರ ಮಂಡಕ್ಕಿ ಕಲಸಿಕೊಂಡು ಹೋಗಿದ್ದೆ. ಡಬ್ಬಿ ತೆಗೆದ ಕೂಡಲೇ ರಮೇಶ, "ಏನ್ ಅಯ್ನೋರೆ, ಆರು ತಿಂಗ್ಳಿಗೆ ಖಾರ ತಿನ್ನಿಸ್ತೀರಲ್ಲ, ನಾವೇನು ತಪ್ಪು ಮಾಡೀವಿ!" ಅಂದ. ಎಲ್ಲರೂ ನಕ್ಕರು. ನಾನು ಎದ್ದು ನಿಂತೆ. "ಯಾಕ ಅಂದ್ರೆ" ಅಂತ ಶುರು ಮಾಡಿದೆ. ಮೇಷ್ಟ್ರು ಪೇಢೆಯ ಪೊಟ್ಟಣ ಬಿಚ್ಚಿಕೊಂಡೇ ಬಂದರು.

"ರುದ್ರಮುನಿಯೋರು ಎಲ್ರಿಗೂ ತಿನ್ನಿಸ್ಯಾರೆ. ಇವತ್ತು ನಾವು ತಿನ್ನಿಸಾಣ. ಬಾಯಿ ತೆಗೀರಿ."

ತೆಗೆದ ಬಾಯಿ ಅದೇ. ಮಾತು ಬರಬೇಕಿದ್ದ ಜಾಗಕ್ಕೆ ಪೇಢೆ ಬಂತು. ನುಂಗಿದೆ. ಫೋಟೋ ಹೊಡೆದರು. ಆಮೇಲೆ ಇನ್ನೂ ಮೂರು ಜನ ಬಂದು ಇಟ್ಟರು.

ಕೂತು ನೋಡುತ್ತಿದ್ದೆ. ಒಂದೂವರೆ ಗಂಟೆಯಲ್ಲಿ ನಾಲ್ಕು ಜನ ಎರಡೆರಡು ಸಲ ಎದ್ದು ಮೂತ್ರಕ್ಕೆ ಹೋಗಿ ಬಂದರು. ರಮೇಶ ಎರಡು ಲೀಟರ್ ಬಾಟಲಿ ನೀರು ಒಬ್ಬನೇ ಮುಗಿಸಿದ. ಮೇಷ್ಟ್ರು ಕುರ್ಚಿಯಲ್ಲೇ ತೂಕಡಿಸಿದರು.

ಎಲ್ಲ ನನ್ನ ಡಬ್ಬಿಯದ್ದು.

27-7, ಭಾನುವಾರ

ಕರಿಯಣ್ಣ ಆಸ್ಪತ್ರೆಯಿಂದ ಊರಿಗೆ ಹೋದ ಅಂತ ಸುದ್ದಿ. ಮಧ್ಯಾಹ್ನ ತಿಮ್ಮವ್ವನ ಫೋನು.

"ಯಾರ ಕೈಲೋ ಬಾಟ್ಲಿ ತರಿಸ್ಕಂಡಾರ್ರಿ. ದಿಂಬಿನ ಬುಡಕ್ಕೆ ಇಟ್ಕಂಡು ಮಲಗ್ಯಾರೆ. ಇನ್ನೂ ಸೀಲು ಒಡದಿಲ್ಲ. ಕಸ್ಕಳ್ಳಾಕೆ ಹೋದ್ರೆ ಒಡೀತೀನಿ ಅಂತಾರೆ. ನಿಮ್ಮ ಮಾತು ಬಿಟ್ರೆ ಯಾರ ಮಾತೂ ಕೇಳಂಗಿಲ್ಲ. ಬರ್ರಿ."

ನಿರ್ಮಲಳಿಗೆ ಎಲ್ಲ ಹೇಳಿದೆ. ಶೆಖೆಯ ಮಾತೂ ಸೇರಿ. ಬಹಳ ಹೊತ್ತು ಅಕ್ಕಿ ಆರಿಸುತ್ತಾ ಕೂತಿದ್ದಳು.

"ಬರೇ ಕಾಲಿಗೆ ಬಿದ್ದು ಬಂದು ಬಿಡಬ್ಯಾಡ್ರಿ. ಹೇಳಿ ಬರ್ರಿ" ಅಂದಳು.

29-7, ಮಂಗಳವಾರ. ಪಂಚಮಿ

ಬೆಳಿಗ್ಗೆ ಪೂಜಾ ಬಂದಳು. ಅಕ್ಕ ಕಳಿಸಿದ ಪಂಚಮಿ ಉಂಡೆಗಳ ಡಬ್ಬಿ. ಶೇಂಗಾ, ಎಳ್ಳು, ತಂಬಿಟ್ಟು. ತಮ್ಮನಿಗೆ ಅಂತ ಒಂದು ವರ್ಷವೂ ತಪ್ಪಿಸಿಲ್ಲ. ನಾನು ಕುಡಿದು ಮೋರಿಯ ಪಕ್ಕ ಬಿದ್ದಿದ್ದ ವರ್ಷವೂ.

"ಪೂಜಾ, ನಿಮ್ಮಜ್ಜಿಗೆ ಹೇಳವ್ವ. ನಂಗೆ ಸಕ್ರಿ ಕಾಯ್ಲೆ ಬಂದೈತೆ. ಕಾಗದದಾಗ ಬರೆದಿಲ್ಲ."

"ನಾನ್ ಹೇಳಲ್ಲ ತಾತ. ನೀವೇ ಹೇಳ್ರಿ" ಅಂತ ಫೋನ್ ಹಚ್ಚಿ ಕೈಗೇ ಕೊಟ್ಟಳು.

ಹೇಳಿದೆ. ಅಕ್ಕ ಅಂದಳು:

"ನೀನು ಕುಡಿಯೋದು ಊರೋರು ಹೇಳಿದ್ರು. ಬಿಟ್ಟಿದ್ದೂ ಊರೋರೇ ಹೇಳಿದ್ರು. ಇದೊಂದು ನೀನು ಹೇಳ್ದೆ ನೋಡು. ಉಂಡಿ ನಿರ್ಮಲಂಗೆ ಕೊಡು. ಮುಂದಿನ ವರ್ಷ ಖಾರದ ಚಕ್ಲಿ ಕಳಿಸ್ತೀನಿ, ಹಲ್ಲು ಗಟ್ಟಿ ಇಟ್ಕ."

ಆ ಧೈರ್ಯ ಆರುವ ಮುಂಚೆ ಕೊಕ್ಕನೂರಿನ ದಾರಿ ಹಿಡಿದೆ. ಹರಿಹರದಲ್ಲಿ ಇಳಿದು ಇನ್ನೊಂದು ಬಸ್ಸು. ಮೇಷ್ಟ್ರಿಗೆ ಫೋನ್ ಮಾಡಿ ಸಭೆಗೆ ಬರುವುದಿಲ್ಲ ಅಂದೆ. ಮುಟ್ಟುವಷ್ಟರಲ್ಲಿ ನಾಲ್ಕೂವರೆ.

ಕರಿಯಣ್ಣ ಪಡಸಾಲೆಯ ಮಂಚದ ಮೇಲೆ. ಕಣ್ಣು ಕುಳಿ ಬಿದ್ದಿವೆ.

"ಪಂಚ್ಮಿ ದಿನ ಬರಿಗೈಲಿ ಬಂದೀರಲ್ಲ ಅಯ್ನೋರೆ."

"ಒಂದು ಮಾತು ತಂದೀನಿ, ಕೇಳು. ಜೂನ್ ಹದ್ನೇಳಕ್ಕೆ ನೀನು ನೀರಡಿಕೆ ಅಂದೆ. ನಾನು ಶೆಖೆ ಅಂದೆ. ಅದಕ್ಕೆ ಐದು ದಿನ ಮೊದ್ಲೇ ನಂಗೆ ಮುನ್ನೂರ ಮೂವತ್ತೆಂಟು ಬಂದಿತ್ತು ಕರಿಯಣ್ಣ. ಗುಂಪಿಗೆಲ್ಲ ಹೇಳ್ರಿ ಅಂತ ಆಸ್ಪತ್ರೆಯೋರು ಹೇಳಿ ಕಳಿಸಿದ್ರು."

ಅವನು ಕಟ್ಟು ಹಾಕಿದ ಕಾಲು ನೋಡಿದ. ತಿಮ್ಮವ್ವ ಬಾಗಿಲಲ್ಲಿ ನಿಂತಿದ್ದಳು.

"ಅವತ್ತು ತೋರ್ಸಿದ್ರೆ ಉಳೀತಿದ್ವಾ?"

"ಗೊತ್ತಿಲ್ಲ. ಉಳೀತಿದ್ವೇನೋ."

"ಯಾಕ ಹೇಳ್ಲಿಲ್ಲ?"

"ಬಾಯಿಗೆ ಲಾಡು ಇಡುವಾಗ ನೀವೆಲ್ಲ ನನ್ನ ಮುಖ ನೋಡಿದಂಗೆ ಈ ಜನ್ಮದಾಗ ಯಾರೂ ನೋಡಿರ್ಲಿಲ್ಲ. ಅದು ಹೋಗ್ತೈತೆ ಅಂತ ಅಂಜಿದೆ."

"ಹಂಗಾರೆ ನಿಮ್ಮ ಮುಖ ಉಳಿಸಾಕೆ ನಾನು ಎರಡು ಬೆಳ್ಳು ಕೊಟ್ಟೆ ಅನ್ರಿ."

ದಿಂಬಿನ ಕೆಳಗಿನಿಂದ ಬಾಟಲಿ ತೆಗೆದು ಎದೆಯ ಮೇಲೆ ಇಟ್ಟುಕೊಂಡ. ಸೀಲು ಹಾಗೇ ಇತ್ತು.

"ಒಡೀಬ್ಯಾಡ ಅಂತ ಹೇಳಾಕೆ ಬಂದಿರೇನು? ಹೇಳ್ಬ್ಯಾಡ್ರಿ. ನಿಮ್ಮ ಮಾತು ಕೇಳೋದು ಇವತ್ತಿಗೆ ಬಿಟ್ಟೆ. ಬರೋ ಮಂಗಳವಾರ ನಾನು ಸಭೆಗೆ ಬರ್ತೀನಿ. ರಮೇಶನ ಆಟೋದಾಗ. ಈಗ ಹೇಳಿದ್ದು ಅಲ್ಲಿ ಎಲ್ರ ಮುಂದೆ ಹೇಳ್ರಿ. ನಾನು ಕುಂತು ಕೇಳ್ತೀನಿ. ಆಮ್ಯಾಲೆ ಇದನ್ನ ಏನ್ ಮಾಡ್ಬೇಕು ನೋಡಾಣ."

"ಅಲ್ಲಿವರೆಗೆ?"

"ಅಲ್ಲಿವರೆಗೆ ನನ್ನ ತಾವ ಇರ್ತೈತೆ." ಬಾಟಲಿಯ ಮೇಲೆ ಕೈ ಇಟ್ಟುಕೊಂಡು, "ಬೆಲ್ಲ ಬಿಟ್ಟು ಆರಕ್ಕೆ ಏನ್ ತಿಂತೀರಿ ನೀವು?"

"ಐದೂವರೆಗೇ ಪುಟಾಣಿ. ಮಜ್ಜಿಗೆ."

"ಥೂ. ಕುದ್ರಿ ಮೇವು."

ತಿಮ್ಮವ್ವ ಒಳಗೆ ಹೋಗಿ ತಟ್ಟೆಯಲ್ಲಿ ಪುಟಾಣಿ ತಂದಳು, ಎರಡು ಲೋಟ ಮಜ್ಜಿಗೆ. ಕರಿಯಣ್ಣ ಗೋಡೆ ಕಡೆ ತಿರುಗಿಕೊಂಡು ಕಟುಂ ಕಟುಂ ಅಗಿದ, ನನ್ನನ್ನೇ ಅಗಿಯುವ ಹಾಗೆ. ಆರು ಗಂಟೆ ಬಂತು. ಹಣೆಯಲ್ಲಿ ಬೆವರು ಕಂಡಿತು. ಬಾಟಲಿಯ ಮೇಲಿನ ಕೈ ಮುಷ್ಟಿಯಾಯಿತು. ಆರೂ ಇಪ್ಪತ್ತೈದಕ್ಕೆ ಕೈ ಸಡಿಲಿತು.

ಹೊರಡುವಾಗ ತಿಮ್ಮವ್ವ ಅಂಗಳದವರೆಗೆ ಬಂದಳು. ದಿನಾ ಅವನು ಕುಡಿಯದೆ ಆರು ದಾಟಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡವ್ವ ಅಂದೆ. ಬಾಗಿಲು ಎಳೆದುಕೊಂಡು ಒಳಗೆ ಹೋದಳು.

30-7

6.40ಕ್ಕೆ ಮಿಸ್ಡ್ ಕಾಲ್ ಬಂತು.

31-7

6.30.

1-8, ಶುಕ್ರವಾರ

6.50. ಹತ್ತು ನಿಮಿಷ ತಡವಾದದ್ದಕ್ಕೆ ನಾನು ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಬಂದಿದ್ದೆ. ನಿರ್ಮಲ, "ಬಸ್ಸು ಹಿಡೀತಿದ್ರೇನು?" ಅಂದಳು. ಹೌದು ಅಂದೆ.

3-8, ಭಾನುವಾರ

ಹೇಳಬೇಕಾದ್ದನ್ನು ಬರೆದುಕೊಳ್ಳುತ್ತಿದ್ದೇನೆ. ಮೊದಲ ಸಲ ಬರೆದದ್ದು ಮೂರು ಪುಟ. ಶಿಬಿರ, ಬೆಲ್ಲ, ನನ್ನ ಕಷ್ಟ, ವೈನ್ ಶಾಪು, ಜಿಲೇಬಿ. ನಿರ್ಮಲಳಿಗೆ ಓದಿದೆ.

"ಇದ್ರಾಗ ಕರಿಯಣ್ಣ ಎಲ್ಲಿ ಬರ್ತಾನೆ?"

"ಕೊನೆಗೆ."

"ಮೊದ್ಲಿಗೆ ತರ್ರಿ."

ಹರಿದು ಹಾಕಿದೆ. ಅಕ್ಕನಿಗೆ ಕಾಗದ ಬರೆಯುವ ಕೈ ಇದು. ಕೆಟ್ಟದ್ದನ್ನು ಬರೆಯುವಾಗಲೂ ತಾನೇ ಹೂ ಮುಡಿಸುತ್ತದೆ.

ಸುಧಾ ಮೇಡಂಗೆ ಫೋನ್ ಮಾಡಿದೆ. ಮಂಗಳವಾರ ಹರಿಹರಕ್ಕೆ ಒಬ್ಬ ನರ್ಸಮ್ಮನನ್ನು ಕಳಿಸುತ್ತಾರಂತೆ, ಬೆರಳು ಚುಚ್ಚಿ ನೋಡುವ ಮಿಷನ್ ಜೊತೆಗೆ. ಎಲ್ಲರದ್ದೂ ಅಲ್ಲೇ ನೋಡುತ್ತಾರೆ. ನಾನು ಹೇಳಿದ ಮೇಲೆ.

6.35ಕ್ಕೆ ಬಂತು.

4-8, ಸೋಮವಾರ. ಸಂಜೆ 7.15

ಬಂದಿಲ್ಲ.

7.40. ನಾನೇ ಮಾಡಿದೆ. ಸ್ವಿಚ್ ಆಫ್. ಕೊನೆಯ ಬಸ್ಸು ಹರಿಹರದವರೆಗೆ ಮಾತ್ರ. ರಮೇಶನಿಗೆ ಮಾಡಿದೆ. "ನಾಳೆ ಕರ್ಕಂಡು ಬರಾಕೆ ಹೇಳ್ಯಾರೆ, ಅಷ್ಟೇ ಗೊತ್ತು ಅಯ್ನೋರೆ" ಅಂದ.

ಎದೆ ಹಿಂಡುತ್ತಿದೆ. ಸಿಹಿಯ ಆಸೆಯಲ್ಲ. ನಿರ್ಮಲಳ ಮುಂದೆ ಕೂತು ಹೇಳಿದೆ, ಇವತ್ತು ನನಗೆ ಕುಡಿಯಬೇಕು ಅನ್ನಿಸುತ್ತಿದೆ ಅಂತ. ಬಚ್ಚಿಡದೆ ಹೇಳಿದ್ದು ಇದೇ ಮೊದಲು. ಬಾಗಿಲ ಅಗುಳಿ ಹಾಕಿ ಬಂದು ಎದುರಿಗೆ ಕೂತಳು. "ಕೂಡ್ರಿ. ಹೋಗ್ತೈತೆ" ಅಂದಳು.

5-8, ಮಂಗಳವಾರ. ಸಂಜೆ 5.10, ಹರಿಹರ

ಕೋಣೆಯಲ್ಲಿ ಒಬ್ಬನೇ. ಹತ್ತೊಂಬತ್ತು ಕುರ್ಚಿ ಹಾಕಿದ್ದೇನೆ. ಮೇಜಿನ ಮೇಲೆ ಪುಟಾಣಿ, ಮಜ್ಜಿಗೆಯ ಕೊಡ. ನರ್ಸಮ್ಮ ಹೊರಗೆ ಜಗಲಿಯಲ್ಲಿ ಕೂತಿದ್ದಾರೆ. ಮೇಷ್ಟ್ರಿಗೆ ಏನೂ ಹೇಳಿಲ್ಲ. ಹೇಳಿದರೆ ತಾವೇ ಮೆತ್ತಗೆ ಮಾಡಿ ಹೇಳಿಬಿಡುತ್ತಾರೆ.

ತಿಮ್ಮವ್ವನ ಫೋನು ಇನ್ನೂ ಆಫ್.

5.25. ಎಂಟು ಜನ ಬಂದರು. ಡಬ್ಬಿ ಎಲ್ಲಿ ಅಂತ ಮೇಜು ನೋಡುತ್ತಿದ್ದಾರೆ.

5.30. ಆಟೋ. ರಮೇಶ ಇಳಿದ. ತಿಮ್ಮವ್ವ ಇಳಿದಳು. ಕರಿಯಣ್ಣ ರಮೇಶನ ಹೆಗಲು ಹಿಡಿದು ಇಳಿಯುತ್ತಿದ್ದಾನೆ. ಕಂಕುಳಲ್ಲಿ ಬಟ್ಟೆಯ ಚೀಲ. ಒಳಗೆ ಬಾಟಲಿಯ ಆಕಾರ ಕಾಣುತ್ತದೆ. ತುಂಬಿದೆಯೋ ಖಾಲಿಯೋ, ಇಲ್ಲಿಂದ ತಿಳಿಯುವುದಿಲ್ಲ. ತಿಮ್ಮವ್ವನ ಮುಖ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ.

ನಿನ್ನೆ ಕುಡಿದಿರಲಿ, ಕುಡಿಯದೆ ಇರಲಿ, ನಾನು ಹೇಳುವುದು ಹೇಳುವುದೇ.

ಮುಂದಿನ ಸಾಲಿನಲ್ಲಿ ಕೂತ. ಚೀಲ ತೊಡೆಯ ಮೇಲೆ. ನನ್ನನ್ನೇ ನೋಡುತ್ತಿದ್ದಾನೆ. ನಾನೊಂದು ಮಾತು ಹೇಳಬೇಕು ಅಂದದ್ದಕ್ಕೆ ಮೇಷ್ಟ್ರು ಏಳಿ ಅನ್ನುತ್ತಿದ್ದಾರೆ. ಮತ್ತೆ ಬರೆದುಕೊಂಡು ಬಂದದ್ದೂ ಬೇಡ. ಇಷ್ಟೇ ಸಾಕು—

ಜೂನ್ ಹನ್ನೆರಡಕ್ಕೆ ನನಗೆ ಗೊತ್ತಾಯಿತು. ಹದಿನೇಳಕ್ಕೆ, ಇದೇ ಕೋಣೆಯಲ್ಲಿ, ಕರಿಯಣ್ಣ ನನ್ನನ್ನು ಕೇಳಿದ. ನಾನು—